ಒಳಗೆ ಬಿಟ್ಟ ಬಟ್ಟೆ

ಟೇಪು ಅಂದರೆ ನನಗೆ ಕೊರಳಲ್ಲಿ ತೂಗುವುದು,
ಅರವತ್ತು ಇಂಚಿನದು, ತುದಿಯ ತಗಡು ಸವೆದದ್ದು.
ಇವು ಬೇರೆ. ಬೆಂಕಿಪೆಟ್ಟಿಗೆಯಷ್ಟು ದಪ್ಪ, ಎಂಟು,
ಗುಂಡಿ ಹಾಕಿಡುವ ಡಬ್ಬಿಯಲ್ಲಿ ಇಪ್ಪತ್ನಾಲ್ಕು ವರ್ಷ
ಹುಕ್ಕು, ಕಾಜಾ ದಾರದ ಜೊತೆ ಮಲಗಿದ್ದವು.

ಮಸ್ಕತ್ತಿನ ಭಾವಮೈದ, ಪಡೆದ ಸಾಲ ತೀರಿಸಲಾಗದೆ
ಕ್ಯಾಮೆರಾ ತಂದುಕೊಟ್ಟಿದ್ದ.
ಅಂಗಡಿ ಮುಚ್ಚಿದ ಮೇಲೆ ಗಾಂಧಿ ಬಜಾರಿನ ತುಂಬ
ಅದನ್ನು ಹಿಡಿದು ತಿರುಗಿದವನು ನಾನೇ:
ಮುಕ್ಕಾಲು ಪಾಲು ನೆಲ, ನನ್ನ ಚಪ್ಪಲಿ,
ನಿಲ್ಲಿಸಿದೆನೆಂದು ತಿಳಿದು ಶುರು ಮಾಡಿದ ಕಡೆಗಳು.

ಈಗ ಮುಕ್ತಾಗೆ ಮಗು. ಅದರ ಕಿವಿ ಚುಚ್ಚುವ ದಿನ
ತನ್ನ ಕಿವಿ ಚುಚ್ಚಿದ್ದನ್ನು ಎಲ್ಲರಿಗೂ ತೋರಿಸಬೇಕಂತೆ.
"ಹತ್ತು ನಿಮಿಷ ಸಾಕು ಅಪ್ಪಾ, ಬೇಡದ್ದು ತೆಗೆದು."
ಬೇಡದ್ದು ಯಾವುದೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದುರ್ಗಿಗುಡಿಯ ನೆಲಮಾಳಿಗೆಯಲ್ಲಿ ಸುಹೈಲ್
ಮುಚ್ಚಿಹೋದ ಸ್ಟುಡಿಯೋ ಒಂದರಿಂದ ಕೇಬಲ್ ಹುಡುಕಿ ತಂದ.
ಒಂದು ಗಂಟೆಯ ಟೇಪು ಒಳಗಿಳಿಯಲು ಒಂದು ಗಂಟೆಯೇ ಬೇಕು,
ಅವಸರ ಮಾಡುವಂತಿಲ್ಲ. ಅದು ನನಗೆ ಹಿಡಿಸಿತು.
ಕತ್ತರಿಸುವ ಸಾಫ್ಟ್‌ವೇರ್ ಮಾತ್ರ ನೀವೇ ಆರಿಸಿ ಎಂದ,
ನಾನು ಗಿರಾಕಿಯ ಮುಂದೆ ಲೈನಿಂಗ್ ಬಟ್ಟೆ ಹರಡಿದ ಹಾಗೆ.

ಮೊದಲನೆಯದು ಪುಕ್ಕಟೆ. ಆದರೆ ನಮ್ಮವ್ವನ ಮುಖದ ಮೇಲೆ
ಓರೆಯಾಗಿ ತನ್ನ ಹೆಸರು ಬರೆದುಕೊಂಡಿತು,
ಥಾನಿನ ಅಂಚಿಗೆ ಮಿಲ್ಲಿನವರು ಒತ್ತುತ್ತಾರಲ್ಲ, ಹಾಗೆ.
ದುಡ್ಡು ಕಟ್ಟಿದರೆ ಅಳಿಸುತ್ತಾರಂತೆ.
ಅಂಚಿಗಾದರೆ ಸರಿ; ಹಣೆಗೆ ಒತ್ತಿದರೆ?

ಎರಡನೆಯದು ದೊಡ್ಡವರದು, ತಿಂಗಳ ಬಾಡಿಗೆ.
ಕತ್ತರಿಗೆ ಬಾಡಿಗೆಯೇನೋ ಮಾರಾಯಾ?
ಕಟ್ಟದ ತಿಂಗಳು ಅದು ಬಾಯಿ ತೆರೆಯುವುದಿಲ್ಲವಂತೆ.

ಮೂರನೆಯದು ಮೊಬೈಲಿನಲ್ಲಿ. ಏನೂ ಕೇಳಲಿಲ್ಲ.
ಚಹಾ ಬರುವಷ್ಟರಲ್ಲಿ ಎಂಟು ಗಂಟೆಯನ್ನು
ತೊಂಬತ್ತು ಸೆಕೆಂಡು ಮಾಡಿ, ಪಿಟೀಲು ಹಾಕಿ,
ನಗುವ ಮುಖಗಳನ್ನಷ್ಟೇ ಹೆಕ್ಕಿ ಕೊಟ್ಟಿತು.
ರೆಡಿಮೇಡ್. ಭುಜ ಕೂತಿತ್ತು. ಕಂಕುಳಲ್ಲಿ ಹಿಡಿಯುತ್ತಿತ್ತು.
ಕಿವಿ ಚುಚ್ಚಿದ ಮೇಲೆ ಅಳದ ಮಗು ಉಂಟೇ?

ನಾಲ್ಕನೆಯದು ಹಳೆಯದು, ನಿಧಾನದ್ದು,
ಎರಡು ಸಲ ಹ್ಯಾಂಗ್ ಆಗಿ ಸುಹೈಲನಿಂದ ಬೈಸಿಕೊಂಡಿತು.
ಅದರಲ್ಲಿ ಮೊದಲ ಸಲ ಕತ್ತರಿಸಿದೆ:
ನಮ್ಮಣ್ಣ ನಿವೃತ್ತಿ ಬಾಗಿಲಿನಿಂದ ಬಂದು
ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುವವರೆಗೆ.
ಹದಿನಾಲ್ಕು ಸೆಕೆಂಡು. ಅದರ ಮಾರನೆಯ ವರ್ಷವೇ
ಅಂಗಡಿಯ ನಡುವೆ ಪ್ಲೈವುಡ್ ಬಂತು;
ಎರಡೂ ಕಡೆ ಮೆಷಿನ್ ಸದ್ದು, ಮಾತಿಲ್ಲ.

ಕತ್ತರಿಸಿ ಕೈ ಒರೆಸಿಕೊಂಡೆ.
"ಹೋಗಿಲ್ಲ ಚಾಚಾ," ಎಂದ ಹುಡುಗ, ಆ ತುಂಡಿನ ಅಂಚು ಹಿಡಿದು
ಮೆಲ್ಲಗೆ ಎಳೆದ. ಎಳೆದಷ್ಟೂ ಬಂತು:
ಬಾಗಿಲು, ಚಪ್ಪಲಿ ಬಿಡುವ ಕಾಲು, ಬಿಳಿ ಟೋಪಿ, ಅಣ್ಣ.
ಮತ್ತೆ ತಳ್ಳಿದ. ಅಣ್ಣ ಒಳಗೆ ಹೋದ.
ಇದಕ್ಕೆ ಅವನು ಏನೋ ಇಂಗ್ಲಿಷ್ ಹೆಸರು ಹೇಳಿದ.

ನಮ್ಮಲ್ಲಿ ರವಿಕೆಯ ಪಕ್ಕೆಗೆ ಎರಡು ಬೆರಳು ಬಟ್ಟೆ
ಒಳಗೇ ಮಡಚಿ ಬಿಡುತ್ತೇವೆ. ಹೊರಗೆ ಕಾಣದು.
ಮದುಮಗಳು ಬಾಣಂತಿಯಾಗಿ ಬಂದಾಗ ಹೊಲಿಗೆ ಬಿಚ್ಚಿದರೆ
ಬಣ್ಣ ಮಾಸದ ಬಟ್ಟೆ ಅಲ್ಲೇ ಇರುತ್ತೆ.
ಹಾಗೆ ಬಿಡಲು ನನಗೆ ಕಲಿಸಿದವನು ಅಣ್ಣನೇ.
ಬಿಡದವನನ್ನು ನಾವು ದರ್ಜಿ ಅನ್ನುವುದಿಲ್ಲ.

ಇದೇ ಇರಲಿ ಎಂದೆ.

ರಾತ್ರಿ ಚಂದ್ರಭಾಗಾ ನೋಡಿದಳು, ಸೀರೆ ಮಡಚುತ್ತ.
ಎಲ್ಲಾ ಸರಿಯಿತ್ತು. ಅಕ್ಕಸಾಲಿ, ಬೆಲ್ಲ, ಅಳು, ಅವ್ವ.
ಒಂದು ಕಡೆ ಮಾತ್ರ, ಅತ್ತ ಮಗುವಿನ ತಲೆ ಸವರುವ
ಕೈಯೊಂದು ಮಣಿಕಟ್ಟಿನವರೆಗೆ ಉಳಿದುಹೋಗಿತ್ತು,
ನಡುಬೆರಳಲ್ಲಿ ಹಿತ್ತಾಳೆಯ ಅಂಗುಸ್ತಾನ.
ತೆಗೆಯುವುದನ್ನೇ ಮರೆಯುತ್ತಿದ್ದ, ಊಟಕ್ಕೂ.

ಅವಳ ಕೈಯಲ್ಲಿ ಸೀರೆ ಅರ್ಧ ಮಡಿಕೆಗೆ ನಿಂತಿತು.
"ಬಿಗಿಯಾಯ್ತು ರೀ," ಎಂದಳು, "ಸ್ವಲ್ಪ ಬಿಡಿಸಿ."

ಗಿರಾಕಿಗಳು ಹೇಳುವ ಹಾಗೆಯೇ.
ನಾನು ಕನ್ನಡಕ ಹುಡುಕಿದೆ. ಎಲ್ಲಿಟ್ಟಿದ್ದೆನೋ.