ಒಂದಽ ಸಲ ಒತ್ತೀನ್ರಿ

ಬನಹಟ್ಟಿಯೊಳಗ ಮಗ್ಗದ ಸಪ್ಪಳ ನಿಂತ್ರ
ಕರೆಂಟ್ ಹೋತು ಅಂತ ತಿಳೀಬೇಕು.
ಆ ಸಂಜಿ ಕರೆಂಟ್ ಇತ್ತು. ಲೆಕ್ಕ ತಪ್ಪಿತ್ತು.

ಕಾಡಪ್ಪ ಸಾವುಕಾರ್ರ ಶೆಡ್ಡಿನ ಹೆಣಮಕ್ಕಳಿಗೆ,
ಕಂಡಕಿ ಸುತ್ತೋರಿಗೆ,
ಗುಂಡಿ ಮಾಡಿಕೊಟ್ಟಾಂವ ನಾನು:
ಹಳೇ ಟಿಫಿನ್ ಡಬ್ಬಿ, ಮ್ಯಾಲ ಕೆಂಪು ಬಟನ್,
ಒಳಗ ಉಗುರಿನಷ್ಟು ಮೈಕ್ರೋಕಂಟ್ರೋಲರ್.
ಕಂಡಕಿ ತುಂಬಿದ್ರ ಒಮ್ಮೆ ಒತ್ತೋದು.
ಮೊದಲ ಗ್ವಾಡಿ ಮ್ಯಾಲ ಸೀಮೆಸುಣ್ಣದ ಗೆರಿ ಇದ್ದವು,
ಐದಕ್ಕೊಂದು ಅಡ್ಡಗೆರಿ.

ಗುರುಬಾಯಿ ಹೆಸರಿನ ಮುಂದ ಐನೂರಾ ಹನ್ನೆರಡು.
ಪುಟ್ಟಿಯೊಳಗ ಎಣಿಸಿದ್ರ ತೊಂಬತ್ತಾರು.
ಸಾವುಕಾರ್ರು ಆಕಿನ್ನ ನೋಡಿದ್ರು,
ಆಕಿ ನನ್ನ ನೋಡಿದ್ಲು.
"ನಾ ಒಂದಽ ಸಲ ಒತ್ತೀನ್ರಿ ಯಪ್ಪಾ."

ಖರೇನಽ ಹೇಳಿದ್ಲು. ಡಬ್ಬಿನೂ ಸುಳ್ಳು ಹೇಳಿರಲಿಲ್ಲ.
ರಾತ್ರಿ ಅಂಗಡ್ಯಾಗ ಬಿಚ್ಚಿಟ್ಟು ನೋಡಿದೆ:
ಬಟನ್ನಿನೊಳಗ ತಗಡು ತಗಡಿಗೆ ಬಡಿದು, ಜಿಗಿದು,
ಮತ್ತ ಬಡಿದು, ಮತ್ತ ಜಿಗಿದು,
ಫರಸಿ ಮ್ಯಾಲ ಚೆಲ್ಲಿದ ಜ್ವಾಳದ ಕಾಳಿನಂಗ
ನಿಲ್ಲೂಕಿಂತ ಮೊದಲು ನಾಕೈದು ಸಲ ಕುಣೀತಿತ್ತು.
ಕಣ್ಣಿಗೆ ಕಾಣಲಾರದ ಕುಣಿತ.
ಚಿಪ್ಪು ಅಷ್ಟೂ ಕಂಡಿತ್ತು, ಅಷ್ಟೂ ಎಣಿಸಿತ್ತು.
ಎಣಿಸಬಾರದ್ದು ಯಾವುದಂತ ಅದಕ್ಕ ಹೇಳಬೇಕಾದಾಂವ
ಹೇಳಿರಲಿಲ್ಲ.

ಇನ್ನೊಂದು ತಪ್ಪೂ ನಂದಽ.
ಯಾರೂ ಒತ್ತದಾಗ ಆ ಪಿನ್ನಿಗೆ ಹಿಡಕೊಳ್ಳಾಕ ಏನೂ ಇರಲಿಲ್ಲ.
ಬಾಜೂ ಮಗ್ಗದ ಮೋಟರ್ ಕೆಮ್ಮಿದ್ರ
ಹೌದು ಅಂತಿತ್ತು, ಅಲ್ಲ ಅಂತಿತ್ತು.
ಕಂದು, ಕಪ್ಪು, ಕೇಸರಿ ಪಟ್ಟಿಯ ರೆಸಿಸ್ಟರ್ ಹಚ್ಚಿ
ಐದು ವೋಲ್ಟಿಗೆ ಕಟ್ಟಿದೆ, ಎಮ್ಮಿನ್ನ ಗೂಟಕ್ಕ ಕಟ್ಟಿದಂಗ.
ಹಗ್ಗ ಉದ್ದಽ ಐತಿ:
ನೆಲದ ಕಡೆ ಎಳೆದ್ರ ಬರತೈತಿ,
ಬಿಟ್ರ ಗೂಟಕ್ಕ ಹೋಗಿ ನಿಲ್ಲತೈತಿ.

ಆಮ್ಯಾಗ ಚಿಪ್ಪಿಗೆ ಬರದೆ:
ಒತ್ತಿದಂಗಾತೇನು? ತಡಿ.
ಇಪ್ಪತ್ತು ಮಿಲಿಸೆಕೆಂಡು ಸುಮ್ನಿರು.
ಮತ್ತ ಕೇಳು. ಆಗೂ ಹೌದಂದ್ರಽ ಹೌದು.
ಒಂದು ಕೂಡಿಸು;
ಬೆರಳು ಎತ್ತೂತನಕ ಇನ್ನೊಂದು ಕೂಡಿಸಬ್ಯಾಡ.

ಮರುದಿನ ಪುಟ್ಟಿ ನೂರಾ ನಾಕು, ಡಬ್ಬಿ ನೂರಾ ನಾಕು.
ಸಾವುಕಾರ್ರು ಚಾ ತರಿಸಿ ಬಸಿಗೆ ಸುರುವಿಕೊಂಡು
ಊದಿಕೋತ ಕೇಳಿದ್ರು:
"ಆ ಇಪ್ಪತ್ತು ಅಂದ್ಯಲ್ಲ, ಅದನ್ನ ಸಾವಿರ ಮಾಡಿದ್ರ
ಇನ್ನೂ ಗಟ್ಟಿ ಆಗೂದಿಲ್ಲೇನು?"

ಅಷ್ಟರಾಗ ಗುರುಬಾಯಿ
ಸೆರಗಿನೊಳಗ ನಾಕು ಕಂಡಕಿ ತಂದು ಪುಟ್ಟಿಗೆ ಹಾಕಿ
ಟಕ ಟಕ ಟಕ ಟಕ ಒತ್ತಿ ಹೋದ್ಲು.
ಒಂದು ಸೆಕೆಂಡು ಆಗಿರಲಿಕ್ಕಿಲ್ಲ.
ಸಾವಿರ ಇಟ್ಟಿದ್ರ ಆ ನಾಕು ಒಂದಾಗ್ತಿದ್ದವು.
ಸಾವುಕಾರ್ರಿಗೆ ಇದು ಗೊತ್ತಿದ್ದಽ ಕೇಳಿದ್ರೋ ಏನೋ,
ನಾ ಕೇಳಲಿಲ್ಲ.

"ಬ್ಯಾಡ್ರಿ, ಇಷ್ಟಽ ಸಾಕು" ಅಂದು
ಡಬ್ಬಿ ಮುಚ್ಚಿ ನಾಕೂ ಸ್ಕ್ರೂ ಬಿಗಿದೆ.
ಚಾ ಆರಿತ್ತು.

ಈಗೂ ಆಕಿ ಗ್ವಾಡಿ ಮ್ಯಾಲ ಗೆರಿ ಎಳಿಯೂದು ಬಿಟ್ಟಿಲ್ಲ.
ಗುಂಡಿಗೊಂದು, ಗ್ವಾಡಿಗೊಂದು.
ಯಾಕಬೇ, ನಂಬಿಗಿ ಇಲ್ಲೇನು ಅಂತ ಕೇಳಿದೆ.
ನಕ್ಕೋತ ಸೀಮೆಸುಣ್ಣ ಕಿವಿ ಸಂದಿಗೆ ಸಿಗಿಸಿದ್ಲು:
"ನಿನ್ನ ಡಬ್ಬಿ ಎರಡು ಸಲ ಕೇಳತೈತೆಲ್ಲೋ ತಮ್ಮಾ,
ನಾನೂ ಅಷ್ಟಽ."