ನೆಗ್ಗು

ಮೂರು ಸೈಕಲ್ಲು ಗೋಡೆಗೆ ಒರಗಿಸಿಟ್ಟು
ಖಲೀಲ್ ತಾಂಬೋಳಿ ಚಹಾ ಹೇಳಿದ.
ಭವಾನಿ ಪೇಠದ ಅಂಗಡಿ. ಒಬ್ಬರು ಒಳಗೆ ಬಂದರೆ
ಇನ್ನೊಬ್ಬರು ಹೊರಗೆ ಹೋಗಬೇಕು.

ಮೊದಲನೆಯದು ಕಾರ್ಬನ್ನು. ಎರಡೇ ಬೆರಳಿಗೆ ಎದ್ದು ಬಂತು,
ವಾರಗಟ್ಟಲೆ ಉಪವಾಸ ಹಿಡಿದವಳ ಹಾಗೆ.
ಎರಡನೆಯದಕ್ಕೆ ಹಿಂದೆ ಮುಂದೆ ಸ್ಪ್ರಿಂಗು,
ಕೂತರೆ ಸೋಫಾ; ಬೆಲೆ ಕೇಳಿದರೆ ಎದ್ದು ನಿಲ್ಲಬೇಕು.
ಮೂರನೆಯದು ಉಕ್ಕು. ಕೆಳಗಿನ ಕೊಳವೆಯಲ್ಲಿ ಹೆಬ್ಬೆರಳಗಲ ನೆಗ್ಗು.
ಯಾರೋ ಬಿದ್ದದ್ದು ಅದರೊಳಗೆ ಇನ್ನೂ ಕೂತಿತ್ತು.

"ತಾಈ," ಅಂದ. ಅವನ ಮಾತಿನಲ್ಲಿ ಅದು ಅಕ್ಕ,
ನನ್ನ ಅಕ್ಕಲಕೋಟೆ ಕಿವಿಗೆ ಪ್ರತಿ ಸಲವೂ ತಾಯಿ.
"ಇಪ್ಪತ್ತನಾಲ್ಕು ತಾಸಿನ ರೇಸು. ಜನವರಿ. ಮುಳಶಿ ಕಾಡು.
ಬೆಳಗಿನ ಜಾವ ಮೂರಕ್ಕೆ ಏನು ಮುರಿದರೆ
ನಿಮ್ಮ ಕೈಯಾರೆ ಸರಿಯಾದೀತು?
ಅದನ್ನು ತಗೊಳ್ಳಿ."

ಹದಿನೆಂಟು ವರ್ಷ ಸ್ವಾರ್‌ಗೇಟ್ ಡಿಪೋದ ಬಸ್ಸಿನಲ್ಲಿ
ಟಿಕೆಟ್ ಹರಿಯುತ್ತ ನಿಂತವಳು ನಾನು.
ಬ್ರೇಕು ಬಿದ್ದಾಗ ಯಾವ ಕಾಲಿಗೆ ಭಾರ ಕೊಡಬೇಕೆಂದು
ಯಾರೂ ಹೇಳಿಕೊಟ್ಟದ್ದಿಲ್ಲ.
ಉಕ್ಕನ್ನು ಹತ್ತಿದೆ. ಗಲ್ಲಿಯ ತುದಿ ಮುಟ್ಟಿ ಬಂದೆ.
ಎಡ ಮೊಣಕಾಲು ಸುಮ್ಮನಿತ್ತು.
ಅದು ಸುಮ್ಮನಿರುವುದು ಅಪರೂಪ.

ರದ್ದಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು:
ಹದಿನಾಲ್ಕು ಕಿಲೋ, ಮೇಲೆ ಇನ್ನೂರು ಗ್ರಾಂ.
"ಪೇಪರಾಗಿದ್ದರೆ ಒಳ್ಳೆ ರೇಟು ಕೊಡ್ತಿದ್ದೆ," ಅಂದ ರದ್ದಿಯವ.
ಟ್ಯೂಬು ಕಿತ್ತು ಟಯರಿನೊಳಗೆ ಹಾಲಿನಂಥದೇನೋ ಸುರಿದ ಖಲೀಲ್;
ಮುಳ್ಳು ಚುಚ್ಚಿದಲ್ಲಿ ಅದೇ ಹೆಪ್ಪುಗಟ್ಟಿ ಕೂರುತ್ತದಂತೆ.
ಮನೆಯಲ್ಲಿ ಹಳೇ ಬಾಣಲೆಗೆ ಮೇಣ ಹಾಕಿ
ಚೈನನ್ನು ಜಿಲೇಬಿಯ ಹಾಗೆ ಅದ್ದಿ ತೆಗೆದೆ.
ಗಂಡ ಅಡುಗೆಮನೆ ಬಾಗಿಲಿಗೆ ಬಂದು ನಿಂತ:
"ಎಷ್ಟು ಮಂದಿಗೆ ಊಟ?"

ಆಮೇಲೆ ರಾತ್ರಿಗಳು.
ಪಾರ್ಕಿಂಗಿನಲ್ಲಿ ದೀಪ ಆರಿಸಿ
ಬರ್ಫದ ಬಕೆಟ್ಟಿನಲ್ಲಿ ಕೈ ಮುಳುಗಿಸಿ
ಬೆರಳು ನನ್ನವಲ್ಲ ಅನ್ನಿಸುವ ತನಕ ಕಾದು
ಹರಿದ ಚೈನು ಜೋಡಿಸುವುದು.
ಕಾವಲಿನ ಧೋಂಡಿಬಾ ಗಡಿಯಾರ ಹಿಡಿದ.
ಮೊದಲ ದಿನ ಒಂಬತ್ತು ನಿಮಿಷ, ಕೊಂಡಿಯೊಂದು ಗಟಾರದ ಪಾಲು.
ಮೂರನೇ ವಾರಕ್ಕೆ ನಾಲ್ಕು ನಿಮಿಷ.
ಒಂದು ರಾತ್ರಿ ಮೂರೂ ಇಪ್ಪತ್ತು; ಅವನಿಗೆ ನಿದ್ದೆ ಬಂದಿತ್ತು,
ಲೆಕ್ಕಕ್ಕಿಲ್ಲ.

ಕೊನೆಯ ಸಲ ಬ್ರೇಕು ಬಿಗಿಸಲು ಹೋದಾಗ ಕೇಳಿಯೇಬಿಟ್ಟೆ:
ಈ ನೆಗ್ಗು ಯಾರದು?
ಖಲೀಲ್ ಲೋಟ ಕೆಳಗಿಟ್ಟು
ಪ್ಯಾಂಟಿನ ಕಾಲು ಮೊಣಕಾಲ ತನಕ ಎತ್ತಿದ.
ಮೊಣಕಾಲ ಕೆಳಗೆ, ಎಲುಬಿನ ಮೇಲೆ,
ಹೆಬ್ಬೆರಳಗಲ.
"ಎಷ್ಟನೇ ತಾಸು?"
"ಹತ್ತೊಂಬತ್ತು," ಅಂದು
ಮತ್ತೆ ಪಾನಾ ಕೈಗೆತ್ತಿಕೊಂಡ.

ನಾಳೆ ಐದಕ್ಕೆ ಡ್ಯೂಟಿ, ನಾಡಿದ್ದು ರೇಸು.
ಅಂಟಿಸಿದ ನಂಬರು ನೆಗ್ಗಿನ ಮೇಲೆ ಸಪಾಟಾಗಿ ಕೂರುತ್ತಿಲ್ಲ,
ಒತ್ತಿದಷ್ಟೂ ಗಾಳಿ ಇನ್ನೊಂದು ಮೂಲೆಗೆ ಸರಿಯುತ್ತದೆ.
ಹೆಲ್ಮೆಟ್ಟಿನ ದೀಪ ಒಮ್ಮೆ ಹೊತ್ತಿಸಿ ನೋಡಿದೆ.
ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ
ಯಾರದೋ ನಾಯಿ ಎದ್ದು ಬೊಗಳಿತು.