ಅಸಲಿ

ಮೊದಲ ಎರಡು ಬೆರಳಿಲೆ ಎತ್ತಿ ನೋಡಿದೆ.
ಎದ್ದಿತು.
ಹಾಲಿನವರ ಸೈಕಲ್ ಆಗಿದ್ರ ಏಳ್ತಿದ್ದಿಲ್ಲ;
ಅದು ಕೋಣ, ಇದು ಜಿಂಕಿ ಮರಿ.
ಪುಣೆಯವರು ಕೇಳಿದ್ರು: "ವಯಸ್ಸೆಷ್ಟು ಮಿಸ್ತ್ರಿ?
ಎಲ್ಲಾ ಅಸಲಿ ಅದನೋ?"

ತಡೀರಿ. ಹಲ್ಲು ನೋಡದ
ಎತ್ತಿನ ವಯಸ್ಸು ಹೇಳಬಾರದು.

ಜೋಡಗುಮ್ಮಟದ ಹಿಂದ ನನ್ನ ಅಂಗಡಿ.
ಗೋಣಿಚೀಲದ ಮ್ಯಾಲ ಅದನ್ನ ತಲಿಕೆಳಗ ನಿಲ್ಲಿಸಿ
ಬೀಬಿ ಡಬ್ಬಿಯ ಹೊಟ್ಟಿಗೆ ಸೀಮಿಎಣ್ಣಿ ಹಚ್ಚಿ
ಹಲ್ಲುಜ್ಜೋ ಬ್ರಶ್‌ಲೆ ತಿಕ್ಕಿದೆ.
ಒಂದು ಅಕ್ಷರ, ನಾಲ್ಕು ಅಂಕಿ,
ಎರಡನೇದು ಸೊಟ್ಟ. ಕೈಲೆ ಬಡದದ್ದು,
ಯಂತ್ರದ್ದಾದ್ರ ಸಾಲಿ ಹುಡುಗರಂಗ ಸಾಲಿಗೆ ನಿಂತಿರ್ತಿದ್ವು.
ಕೊಳವಿ ಕೂಡೋ ಕಡೆ ಲಗ್ಗಿನ ಅಂಚು
ಉಳ್ಳಾಗಡ್ಡಿ ಸಿಪ್ಪಿಯಷ್ಟು ತೆಳುವ:
ಯಾವನೋ ಒಬ್ಬ ಅರ ಹಿಡದು
ಒಂದಿಡೀ ದಿನ ಕೂತಾನ.
ಸೀಟಿನ ಕಂಬ ಎಳದು ಕ್ಯಾಲಿಪರ್ ಹಿಡದೆ:
ಇಪ್ಪತ್ತೇಳು, ಮ್ಯಾಲ ಎರಡು ಪಾಯಿಂಟ್.
ಉಗರಲೆ ಬಡದ್ರ ತಾಟಿನ ಸಪ್ಪಳ.
ಹಿಂದಿನ ಹಬ್ಬಿನ ನಟ್ಟಿನ ಮ್ಯಾಲ ಐವತ್ತೇಳು ಅಂತ ಅದ,
ಆದ್ರ ಗಾಲಿ ಮಾತು ನಂಬಬಾರದು.
ಗಾಲಿ ಅಂದ್ರ ಚಪ್ಪಲಿ,
ಗುಡಿ ಮುಂದ ಬದಲಾಗ್ತಾವ.

ಯಾರೂ ನೋಡದ ಕಡೆ, ಕ್ಲಿಪ್ಪಿನ ಅಡಿ,
ಹಳೇ ಬ್ಲೇಡಿಲೆ ಹೆರದೆ:
ಹಸರು, ಕೆಳಗ ಟ್ರ್ಯಾಕ್ಟರಿನ ಕೆಂಪು,
ಅದರ ಕೆಳಗ, ಆಹಾ,
ಬದನಿ ಹೂವಿನ ನೀಲಿ.

ಕಡೀಕ ಫೋರ್ಕ್.
ಹ್ಯಾಂಡಲ್ ಬಿಚ್ಚಿ, ಗುಂಡು ಉದುರದಂಗ ಅಂಗೈ ಒಡ್ಡಿ
ಕೆಳಗ ಎಳದೆ. ನಂಬರಿಲ್ಲ.
ಹಿತ್ತಾಳಿ ಬೆಸುಗಿ, ಗಂಟುಗಂಟು,
ಮ್ಯಾಲ ಅರದ ಮೂರು ಗೀರು,
ಮೂರನೇದು ಜಾರಿ ಹೋಗೇದ.

ಆ ಜಾರಿದ ಗೀರು ನನಗ ಗೊತ್ತು.

ಆಗ ನನಗ ಹದಿನಾಕು. ದಸ್ತಗೀರ ಉಸ್ತಾದಗ ಜ್ವರ.
ರಾತ್ರಿ ಹತ್ತಕ್ಕ ಶಿವಪುತ್ರ ನಿಡೋಣಿ ಬಂದ,
ಹೆಗಲ ಮ್ಯಾಲ ಸೈಕಲ್, ಕೈಯಾಗ ಅದರ ಮುರದ ಕಾಲು.
ಎಮ್ಮಿ ಅಡ್ಡ ಬಂದಿತ್ತಂತ.
ಬೆಳಗಾದ್ರ ಜಮಖಂಡಿಗೆ ರೇಸು.
ಉಸ್ತಾದ ಹೊರಸಿನ ಮ್ಯಾಲಿಂದನ ಅಂದ್ರು:
"ಹಿತ್ತಾಳಿ ನೀರಾಗಿ ತಾನ ಒಳಗ ಹೋಗ್ಲಿ,
ನೀ ದೂಡಬ್ಯಾಡ."
ನಾ ದೂಡಿದೆ.

ಎಷ್ಟನೇದವ ಆಗಿ ಬಂದ ಅಂತ ಕೇಳಬ್ಯಾಡ್ರಿ. ಮುಟ್ಟಿದ.
ನೂಲೆಳಿಯಷ್ಟು ಎಡಕ್ಕ ಎಳೀತಿತ್ತಂತ;
ದಾರಿತುಂಬ ಬಲಕ್ಕ ವಾಲಿ ಹೊಡದ,
ಆಮ್ಯಾಲ ನಡಿಗಿನೂ ಹಂಗ ಆತು ಅಂತ
ಅವನ ತಂಗಿ ನಗ್ತಿದ್ಲು.

"ಏನಾತು ಮಿಸ್ತ್ರಿ?"

ಚೀಟಿ ಬರದುಕೊಟ್ಟೆ:
ಫ್ರೇಮ್ ಅಸಲಿ, ಐವತ್ತಾರು ಇಲ್ಲಾ ಐವತ್ತೇಳು.
ಹಿಂದಿನ ಗಾಲಿ ಹೊಂದತದ. ಸೀಟು ಆಮ್ಯಾಲಿಂದು.
ಫೋರ್ಕ್ ಅಸಲಿ ಅಲ್ಲ,
ಇಲ್ಲೇ ಊರಾಗ ಮಾಡಿದ್ದು, ಕೆಲಸ ಒರಟು.
ಯಾರ ಕೆಲಸ ಅಂತ ಬರೀಲಿಲ್ಲ.

ರೊಕ್ಕದಾಗ ಅರ್ಧ ಮುರದ್ರು ಪುಣೆಯವರು.
ಗುಜರಿ ಇಮಾಮಸಾಬ ನನ್ನ ನೋಡಿದ ನೋಟ
ಇನ್ನೂ ಬೆನ್ನ ಮ್ಯಾಲ ಅದ.
"ಅದನ್ನ ತಗದು ಒಗೀರಿ,
ಇಂಗ್ಲೆಂಡಿಂದ ಅಸಲಿ ತರಸ್ತೀನಿ" ಅಂದ್ರು.

ಒಗದ್ರಾತು, ಅದಕ್ಕೇನು.
ಗುಂಡಿನ ಪರೀಕ್ಷಾ ಆಗಬೇಕು ಅಂತ ಸುಳ್ಳು ಹೇಳಿ
ಮತ್ತ ಜೋಡಿಸಿ ಹತ್ತಿದೆ,
ಅರವತ್ತಾರರ ಮೊಳಕಾಲು ಕಿರ್ ಅನ್ನಾಕ ಹತ್ತಿದ್ವು.
ಗೋಳಗುಮ್ಮಟದ ರಸ್ತಾದಾಗ, ಟಾಂಗಾ ಯಾವುದೂ ಇಲ್ಲದಾಗ,
ಎರಡೂ ಕೈ ಬಿಟ್ಟೆ.

ಎಡಕ್ಕ.
ಇನ್ನೂ ಎಡಕ್ಕ.